ವಡೆಗಾಗಿ ಅತ್ತವರು

ಬೆಂಗಳೂರಿನ ಮದುವೆ ಮನೆಗಳಲ್ಲಿ ಎರಡನೇ ಪಂಕ್ತಿಗೆ ಕಾಯುವ ಹೊತ್ತಿನಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಮೈಸೂರಿಗೆ ಹೋಗಿಬಂದವರೊಬ್ಬರು ಎಷ್ಟು ಹೊತ್ತಿಗೆ ತಲುಪಿದೆವು ಎಂದು ಮೊದಲು ಹೇಳುತ್ತಾರೆ. ಆಗ ಅವರ ಮುಖದಲ್ಲಿ ಪಂದ್ಯ ಗೆದ್ದ ಕಳೆ. ಆಮೇಲೆ ದನಿ ತಗ್ಗಿಸಿ, ‘ಪಾಪ, ಚನ್ನಪಟ್ಟಣ, ಮದ್ದೂರು ಎಲ್ಲಾ ಸತ್ತೇಹೋದ್ವು’ ಎನ್ನುತ್ತಾರೆ. ಸುತ್ತ ಕೂತವರು ತಲೆಯಾಡಿಸುತ್ತಾರೆ. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ನಮ್ಮ ಬಂಧುಬಳಗ ಇದೊಂದರಲ್ಲಿ ಒಂದು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಬಂತು, ಹಳೆಯ ರಸ್ತೆಯ ಊರುಗಳ ಬದುಕು ಹೋಯಿತು.

ನಾನು ಆ ರಸ್ತೆಯ ಬದಿಯವನು. ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಬರುವ ಮುಂಚೆ, ಟಾರಿನಿಂದ ಒಂದೂವರೆ ಕಿಲೋಮೀಟರ್ ಒಳಗೆ ನಮ್ಮೂರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ, ಸಾವಿನ ಮನೆಗೆ ಬಂದ ನೆಂಟರು ಪಕ್ಕದ ಮನೆ ಮುಂದೆ ಕೂತು ಅಳುತ್ತಿದ್ದಾರಲ್ಲ ಅನ್ನಿಸುತ್ತದೆ. ಹೋದದ್ದು ನಿಜ. ಆದರೆ ಇವರು ಅಳುತ್ತಿರುವುದು ಹೋದದ್ದಕ್ಕಲ್ಲ.

ಸರ್ಕಾರದ ಕಾಗದದಲ್ಲಿ ಆ ಹಳೆಯ ರಸ್ತೆ ಬಹುಕಾಲ ರಾಜ್ಯ ಹೆದ್ದಾರಿ 17. ಅಂಗಡಿಗಳ ಬೋರ್ಡಿನಲ್ಲಿ, ಮದುವೆ ಕಾಗದದ ವಿಳಾಸದಲ್ಲಿ ಬಿ.ಎಂ. ರೋಡು. ನಮ್ಮವ್ವನ ಬಾಯಲ್ಲಿ ಬರೀ ‘ರೋಡು’. ಬೇರೆ ರೋಡು ಇದ್ದರೆ ತಾನೆ ಅದಕ್ಕೊಂದು ಹೆಸರು. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂದು ಕಂಡಕ್ಟರ್ ಒಂದೇ ಉಸಿರಿಗೆ ಕೂಗುತ್ತಿದ್ದ ಹೆಸರುಗಳೇ ಅದರ ನಕ್ಷೆ. ಒಂದೊಂದು ಊರಿನ ಹೊಟ್ಟೆಯೊಳಗೇ ಹಾದುಹೋಗುತ್ತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಸಾಲುಮರಗಳು ಉರುಳಿ ರಸ್ತೆ ನಾಲ್ಕು ಪಥವಾಯಿತು. ಆಮೇಲೆ ರಾಷ್ಟ್ರೀಯ ಹೆದ್ದಾರಿ 275 ಎಂಬ ಹೊಸ ಸಂಖ್ಯೆ ಬಂತು. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯ ಜಿಲ್ಲೆಗೆ ಬಂದು 118 ಕಿಲೋಮೀಟರ್ ಉದ್ದದ ಹೊಸ ರಸ್ತೆಯನ್ನು ಉದ್ಘಾಟಿಸಿದರು. ಅದು ಬಿಡದಿಯನ್ನು ಬಳಸಿ, ರಾಮನಗರ–ಚನ್ನಪಟ್ಟಣಗಳನ್ನು ಒಂದೇ ಸುತ್ತಿನಲ್ಲಿ ಬಿಟ್ಟು, ಮದ್ದೂರು ಪೇಟೆಯನ್ನು ಮುಟ್ಟದೆ, ಮಂಡ್ಯ, ಶ್ರೀರಂಗಪಟ್ಟಣಗಳ ಪಕ್ಕದಲ್ಲಿ ಜಾರಿಕೊಂಡು ಮೈಸೂರು ಸೇರುತ್ತದೆ. ಕೆಂಗೇರಿ ದಾಟಿದರೆ ಕಂಡಕ್ಟರ್ ಕೂಗುವ ಹೆಸರು ಒಂದೂ ದಾರಿಯಲ್ಲಿ ಸಿಗುವುದಿಲ್ಲ.

ಹಳೆಯ ರಸ್ತೆಯ ದುಃಖಿಗಳ ಮೊದಲ ನಂಬಿಕೆ ಎಂದರೆ, ಆ ದಾರಿ ಅನಾದಿಯಿಂದ ಹಾಗೇ ಇತ್ತು, ಊರುಗಳು ಅದರ ಹಾಲು ಕುಡಿದು ಬೆಳೆದವು ಎಂಬುದು. ಅದು ಅಷ್ಟು ಸರಳವಲ್ಲ. 1791ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟ ಬ್ರಿಟಿಷರ ಕಾರ್ನ್‌ವಾಲಿಸ್ ಚನ್ನಪಟ್ಟಣದ ದಾರಿಯನ್ನು ಹಿಡಿಯಲೇ ಇಲ್ಲ. ಅಲ್ಲಿ ಟಿಪ್ಪುವಿನ ಕಾವಲಿತ್ತು. ದಂಡು ದಕ್ಷಿಣಕ್ಕೆ ಸರಿದು ಈಗಿನ ಕನಕಪುರದ ಮೇಲೆ ಬಳಸಿಕೊಂಡು ಹೋಯಿತು. ಅರಕೆರೆಯ ಹತ್ತಿರದ ಕಾಳಗದಲ್ಲಿ ಮೇಲುಗೈಯಾದರೂ ದಂಡಿಗೆ ಕಾಳಿಲ್ಲ, ಫಿರಂಗಿ ಎಳೆಯಲು ಎತ್ತಿಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಬೇಕಾಯಿತು. ಬೈಪಾಸ್ ಹಿಡಿದು ದಾರಿಯಲ್ಲಿ ತಿಂಡಿ ಸಿಗದೆ ಒದ್ದಾಡಿದವರಲ್ಲಿ ಅವನೇ ಮೊದಲಿಗನಿರಬೇಕು.

ರಾಮನಗರದ್ದು ಇನ್ನೊಂದು ಕತೆ. ಟಿಪ್ಪು ಬಿದ್ದ ಮೇಲೆ ದಿವಾನ್ ಪೂರ್ಣಯ್ಯ, ಆ ಕಾಡುಗುಡ್ಡದ ನಡುವಿನ ದಾರಿ ನಿರ್ಭಯವಾಗಿರಲಿ ಎಂದು ಅಲ್ಲೊಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದದ್ದನ್ನು ಹಳೆಯ ಗೆಜೆಟಿಯರಿನಲ್ಲಿ ಓದಬಹುದು. ಅಂದರೆ ರಸ್ತೆಗಾಗಿಯೇ ಹುಟ್ಟಿದ ಊರು. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ, ಒಪ್ಪಿದೆ. ಆದರೆ ಆ ಊರು ದಾರಿ ಕಾಯುವ ಕೆಲಸವನ್ನು ಎಂದೋ ಬಿಟ್ಟು ರೇಷ್ಮೆಗೆ ಕೈಹಾಕಿತು, ಹೆಸರನ್ನೂ ಬದಲಿಸಿಕೊಂಡಿತು. ಹುಟ್ಟಿಸಿದ ಕಾರಣ ಹೋದರೂ ಊರು ಉಳಿಯಿತು.

ಈ ಅಳುವಿನ ನಡುಮಧ್ಯೆ ಕೂತಿರುವುದು ಮದ್ದೂರು ವಡೆ. ಹೆದ್ದಾರಿಯ ಕಾರುಗಳು ನಿಲ್ಲದಿದ್ದರೆ ವಡೆ ಉಳಿಯುವುದೆಂತು ಎಂದು ಕೇಳುತ್ತಾರೆ. ವಡೆಗೂ ಹೆದ್ದಾರಿಗೂ ಹುಟ್ಟಿನ ಸಂಬಂಧವೇ ಇಲ್ಲ ಎಂಬುದನ್ನು ಮರೆಯುತ್ತಾರೆ. 1876–78ರ ಬರಗಾಲದ ಬಳಿಕ ಹಾಕಿದ ಬೆಂಗಳೂರು–ಮೈಸೂರು ರೈಲುಹಾದಿ 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಉಗಿಬಂಡಿ ಮದ್ದೂರಿನಲ್ಲಿ ನೀರು ಕುಡಿಯಲು ನಿಲ್ಲುತ್ತಿತ್ತು, ಎಂಜಿನ್ನಿಗೆ ನೀರಾದರೆ ಪ್ರಯಾಣಿಕನಿಗೆ ತಿಂಡಿ ಬೇಕಲ್ಲ. ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಈ ವಡೆ ಮಾಡಿದರೆಂಬುದು ಊರಿನಲ್ಲಿ ಎಲ್ಲರೂ ಹೇಳುವ ಕತೆ. ಉದ್ದಿನ ಬದಲು ರವೆ, ಮೈದಾ, ಅಕ್ಕಿಹಿಟ್ಟು, ಧಾರಾಳವಾಗಿ ಈರುಳ್ಳಿ. ರುಬ್ಬುವ ಕೆಲಸವಿಲ್ಲ, ರೈಲು ಬರುವಷ್ಟರಲ್ಲಿ ತಟ್ಟಿ ಎಣ್ಣೆಗೆ ಬಿಡಬಹುದು, ಆರಿದರೂ ಗರಿಗರಿ. ಅವಸರದ ತಿಂಡಿ ಅದು. ಉಗಿಬಂಡಿ ಹೋಯಿತು, ನೀರಿಗೆ ನಿಲ್ಲುವ ಅಗತ್ಯ ಹೋಯಿತು. ಆಗಲೂ ಯಾರಾದರೂ ‘ಮದ್ದೂರು ಸತ್ತಿತು’ ಎಂದಿದ್ದರೋ ಏನೋ. ವಡೆ ಮಾತ್ರ ಬುಟ್ಟಿ ಹಿಡಿದು ರೈಲು ಹತ್ತಿತು, ನಿಲ್ದಾಣ ಬಿಟ್ಟು ರಸ್ತೆಬದಿಗೆ ಬಂತು, ಅಲ್ಲಿಂದ ಬೆಂಗಳೂರಿನ ಬೇಕರಿಗಳಿಗೂ ಹೋಯಿತು. ಒಂದು ವಾಹನ ನಿಲ್ಲುವುದನ್ನು ಬಿಟ್ಟಾಗ ಇನ್ನೊಂದನ್ನು ಹುಡುಕಿಕೊಂಡ ತಿಂಡಿಯ ಬಗ್ಗೆ, ಅದನ್ನು ಮಾಡುವವರಿಗಿಂತ ತಿನ್ನುವವರಿಗೇ ಆತಂಕ ಹೆಚ್ಚು.

ಇನ್ನು ಊರುಗಳು ಬದುಕುವುದು ಯಾವುದರಿಂದ? ಕಾರಿನ ಕಿಟಕಿಯಿಂದ ನೋಡಿದವರಿಗೆ ರಸ್ತೆಯ ಇಕ್ಕೆಲದ ಐವತ್ತಡಿಯೇ ಊರು. ತಟ್ಟೆ ಇಡ್ಲಿ ಎಂದರೆ ಬಿಡದಿ, ಬೊಂಬೆ ಎಂದರೆ ಚನ್ನಪಟ್ಟಣ, ‘ಶೋಲೆ’ಯ ಬಂಡೆ ಎಂದರೆ ರಾಮನಗರ. ಬೆಳಗಿನ ಜಾವ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ನಿಂತರೆ ಬೇರೊಂದು ಊರು ಕಾಣುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಅದು. ಚೀಲ ಹೊತ್ತ ರೈತರು ಬಸ್ಸಿನಲ್ಲಿ, ಟೆಂಪೋದಲ್ಲಿ ಬರುತ್ತಾರೆ. ರೀಲರುಗಳು ಗೂಡನ್ನು ಕೈಯಲ್ಲಿ ಆಡಿಸಿ ಬೆಲೆ ಹೇಳುತ್ತಾರೆ. ಮೈಸೂರಿಗೆ ಹೋಗುವ ಯಾವ ಕಾರಿನವನೂ ಅಲ್ಲಿ ಇಳಿದು ಒಂದು ಕಿಲೋ ಗೂಡು ಕೊಂಡದ್ದಿಲ್ಲ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದು ಚೀನಾದ ನೂಲು ನುಗ್ಗಿದಾಗ ಈ ಸೀಮೆಯ ಹಿಪ್ಪುನೇರಳೆ ತೋಟಗಳು ಕಿತ್ತುಹೋದವು. ರಾಮನಗರದ ಬದುಕು ನಡುಗಿದ್ದು ಆಗ. ಅಂದು ಮದುವೆ ಮನೆಗಳಲ್ಲಿ ಯಾರೂ ದನಿ ತಗ್ಗಿಸಿದ್ದು ನನಗೆ ನೆನಪಿಲ್ಲ.

ಮಂಡ್ಯದ್ದೂ ಹಾಗೇ. ಮಂಡ್ಯ ಊರಾದದ್ದು ರಸ್ತೆಯಿಂದಲ್ಲ, ಕನ್ನಂಬಾಡಿ ಕಟ್ಟೆಯ ನಾಲೆಯಿಂದ, 1930ರ ದಶಕದಲ್ಲಿ ಹೊಗೆಯಾಡತೊಡಗಿದ ಮೈಷುಗರ್ ಕಾರ್ಖಾನೆಯಿಂದ. ಆ ಕಾರ್ಖಾನೆ ವರ್ಷಗಟ್ಟಲೆ ನಿಂತಾಗ ಕಬ್ಬು ಬೆಳೆದವರು ಬೇರೆ ಕಾರ್ಖಾನೆಗಳ ಬಾಗಿಲು ಕಾದರು, ಆಲೆಮನೆಗಳಿಗೆ ಸಿಕ್ಕ ಬೆಲೆಗೆ ಸುರಿದರು. 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಊರು ಉಸಿರು ಬಿಟ್ಟಿತು. ಮದ್ದೂರಿನಲ್ಲಿ ವಡೆಯ ತಟ್ಟೆಗಿಂತ ನೂರು ಪಾಲು ದೊಡ್ಡ ವ್ಯವಹಾರ ಎಳನೀರು ಮಾರುಕಟ್ಟೆಯದು. ಅಲ್ಲಿಂದ ಲಾರಿಗಳು ಉತ್ತರದ ರಾಜ್ಯಗಳಿಗೆ ಹೊರಡುತ್ತವೆ.

ಬೊಂಬೆಯ ವಿಷಯ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅಲ್ಲಿ ಅಳುವವರ ಮಾತಿನಲ್ಲಿ ತುಸು ಹುರುಳಿದೆ. ಹೆದ್ದಾರಿಯ ಬೊಂಬೆ ಅಂಗಡಿಗಳಿಗೆ ವ್ಯಾಪಾರ ಇಳಿದದ್ದು ಸುಳ್ಳಲ್ಲ. ಆದರೆ ಅಂಗಡಿ ಬೇರೆ, ಕಸುಬು ಬೇರೆ. ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಹೊಳಪು ಕೊಡುವ ಕೈಗಳಿರುವುದು ರಸ್ತೆಯಲ್ಲಲ್ಲ, ಗಲ್ಲಿಗಳಲ್ಲಿ. ಆ ಕೈಗಳಿಗೆ ಹೊಡೆತ ಬಿದ್ದದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದ. ಅದೇ ಪ್ಲಾಸ್ಟಿಕ್ಕನ್ನು ಇದೇ ಹೆದ್ದಾರಿಯ ಎಷ್ಟೋ ಅಂಗಡಿಗಳು ಮರದ ಕುದುರೆಯ ಪಕ್ಕದಲ್ಲೇ ನೇತುಹಾಕಿ ಮಾರುತ್ತಿದ್ದವು. ಮಗುವಿಗೆ ಯಾವುದು ಬೇಕೆಂದು ಕೇಳಿದ ಅಪ್ಪಂದಿರು ಯಾವುದನ್ನು ಕೊಂಡರು ಎಂಬುದನ್ನು ಅವರೇ ಹೇಳಲಿ. ಈಗ ನೇರವಾಗಿ ಹೊರದೇಶದ, ದೊಡ್ಡ ನಗರಗಳ ಆರ್ಡರ್ ಹಿಡಿದವರು ಬದುಕುತ್ತಿದ್ದಾರೆ. ಹಿಡಿಯಲಾಗದವರು ರಸ್ತೆ ತುಂಬ ಕಾರುಗಳಿದ್ದಾಗಲೂ ಬಿಡದಿಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು.

ನಷ್ಟವಾದವರೇ ಇಲ್ಲ ಎನ್ನುತ್ತಿಲ್ಲ. ನಮ್ಮ ಕಡೆಯ ಒಬ್ಬಾಕೆ ಇಪ್ಪತ್ತು ವರ್ಷ ರಸ್ತೆಬದಿಯ ಹುಣಸೆಮರದಡಿ ಸೌತೆಕಾಯಿ, ಸೀಬೆಹಣ್ಣು ಮಾರಿದವಳು. ಮರ ನಾಲ್ಕು ಪಥಕ್ಕೆ ಹೋಯಿತು, ಗಿರಾಕಿ ಆರು ಪಥಕ್ಕೆ ಹೋದ. ಆಕೆಗೆ ಭೂಮಿಯಿರಲಿಲ್ಲ, ಅಂಗಡಿಯ ಗೋಡೆಯಿರಲಿಲ್ಲ. ಆದ್ದರಿಂದ ಪರಿಹಾರದ ಯಾವ ಕಾಲಮ್ಮಿನಲ್ಲೂ ಆಕೆಯ ಹೆಸರು ಬರೆಯಲು ಜಾಗವಿರಲಿಲ್ಲ. ಹೆದ್ದಾರಿಗೆ ಭೂಮಿ ಕೊಟ್ಟವನಿಗೆ ದುಡ್ಡಿದೆ, ಹೆದ್ದಾರಿ ಬಿಟ್ಟುಹೋದವಳಿಗೆ ಇಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು, ಪಂಕ್ಚರ್ ಅಂಗಡಿಯವರು, ಎಳನೀರಿನ ಗಾಡಿಯವರು ಎಲ್ಲ ಈ ಸಾಲಿನವರೇ. ಇವರಿಗಾಗಿ ಯಾರಾದರೂ ಅತ್ತರೆ ನಾನೂ ಜೊತೆಗೆ ಕೂರುತ್ತೇನೆ. ಆದರೆ ಮದುವೆ ಮನೆಯ ಮಾತಿನಲ್ಲಿ ಇವರು ಬರುವುದಿಲ್ಲ. ಬರುವುದು ‘ಆ ಹೋಟೆಲ್ ಕಾಫಿ’. ಅವರು ಕಳೆದುಕೊಂಡದ್ದು ತಮ್ಮ ಭಾನುವಾರದ ಒಂದು ನಿಲುಗಡೆಯನ್ನು. ಅದಕ್ಕೆ ಊರಿನ ಸಾವು ಎಂಬ ಭಾರದ ಹೆಸರಿಟ್ಟಿದ್ದಾರೆ. ಅದೂ ಎಕ್ಸಿಟ್ ಹಿಡಿದು ಇಳಿದರೆ ಹತ್ತು ನಿಮಿಷದ ದೂರ. ಇಳಿಯುವುದಿಲ್ಲ, ಯಾಕೆಂದರೆ ಮೈಸೂರು ತಲುಪಿದ ಹೊತ್ತನ್ನು ಆಮೇಲೆ ಹೇಳಿಕೊಳ್ಳಬೇಕು.

ನಮಗೆ ಆ ರೋಡು ಏನಾಗಿತ್ತು ಎಂಬುದನ್ನು ಹೇಳಬೇಕು. ನಮ್ಮ ಹೈಸ್ಕೂಲು ಇದ್ದದ್ದು ರಸ್ತೆಯ ಆಚೆ. ದಿನಕ್ಕೆ ಎರಡು ಸಲ ದಾಟಬೇಕು. ಅವ್ವ ಬುತ್ತಿ ಕೊಡುವಾಗ ಹೇಳುತ್ತಿದ್ದ ಒಂದೇ ಮಾತು, ‘ಬಸ್ಸು ಹೋದ್ಮೇಕೆ ಅದ್ರ ಹಿಂದೆ ನೋಡ್ಲಾ, ಆಮೇಕೆ ಕಾಲಿಡು.’ ಬಸ್ಸಿನ ಹಿಂದೆ ನೋಡದ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಗೆ ಅವನ ಜಾಗ ಖಾಲಿಯಿತ್ತು. ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಗಾಡಿಗಳಿಗೆ ರಾತ್ರಿ ಕಾರು ಗುದ್ದುತ್ತಿತ್ತು. ದಸರೆಯಲ್ಲಿ ಎತ್ತು ಹೊಡೆದುಕೊಂಡು ಆಚೆ ಹೊಲಕ್ಕೆ ಹೋಗಲು ಅರ್ಧ ಗಂಟೆ ನಿಲ್ಲಬೇಕಿತ್ತು. ನಾಲ್ಕು ಪಥವಾದ ಮೇಲೆ ನಡುವೆ ಡಿವೈಡರ್ ಬಂತು, ಅದನ್ನು ಹತ್ತಿ ಇಳಿಯಲು ಮುದುಕಿಯರು ಕಲಿಯಬೇಕಾಯಿತು. ಪೇಟೆಯವರದೂ ಬೇರೆ ಪಾಡಲ್ಲ. ಊರನ್ನು ಎರಡು ಹೋಳು ಮಾಡಿ ಹರಿಯುವ ಹೊಳೆಯಂತಿತ್ತು ಅದು, ಮೀನಿಲ್ಲದ ಹೊಳೆ. ಈಗ ಚನ್ನಪಟ್ಟಣದ ಹಳೆಯ ರಸ್ತೆಯಲ್ಲಿ ಸಂಜೆ ಹೊತ್ತು ಹೆಂಗಸರು ಮಾತಾಡುತ್ತ ದಾಟುವುದನ್ನು ನೋಡಿದ್ದೇನೆ. ಮಾತಾಡುತ್ತ ದಾಟುವುದು ಎಂದರೆ ಏನೆಂದು ಆ ರಸ್ತೆ ಬದಿಯಲ್ಲಿ ಬೆಳೆದವರಿಗಷ್ಟೇ ಗೊತ್ತು.

ಹಾಗಾದರೆ ಹೋದದ್ದೇನು? ನನ್ನ ಮಟ್ಟಿಗೆ, ತಡೆಯುವ ಶಕ್ತಿ.

ಬೆಂಗಳೂರಿಗೂ ಮೈಸೂರಿಗೂ ನಡುವೆ ಹೊಟ್ಟೆಯೊಡ್ಡಿ ಮಲಗಿದ್ದ ಊರುಗಳಿಗೆ ಒಂದು ಹತಾರವಿತ್ತು. ಮಂಡ್ಯದ ಸಂಜಯ ವೃತ್ತದಲ್ಲಿ ಐವತ್ತು ಜನ ಅಡ್ಡ ಕೂತರೆ ಎರಡು ರಾಜಧಾನಿಗಳ ನಡುವಿನ ಸಂಚಾರ ನಿಲ್ಲುತ್ತಿತ್ತು. 1991ರಲ್ಲಿ ಕಾವೇರಿ ಮಧ್ಯಂತರ ತೀರ್ಪು ಬಂದಾಗ, 2002ರಲ್ಲಿ, 2012ರಲ್ಲಿ, 2016ರ ಸೆಪ್ಟೆಂಬರಿನಲ್ಲಿ ಅದು ನಿಂತಿದೆ. ಟೈರು ಸುಟ್ಟದ್ದೂ ಇದೆ, ಆಂಬುಲೆನ್ಸ್ ಸಿಕ್ಕಿಕೊಂಡು ಯಾರದೋ ಮನೆಯವರು ಗೋಳಾಡಿದ್ದೂ ಇದೆ. ಎಲ್ಲ ಸರಿಯಿತ್ತೆಂದು ನಾನು ಹೇಳುವುದಿಲ್ಲ. ಆದರೆ ನಾಲೆಯ ಕೊನೆಯ ಭಾಗದ ರೈತನ ಸಂಕಟ ವಿಧಾನಸೌಧಕ್ಕೆ ತಲುಪುತ್ತಿದ್ದದ್ದು ಈ ರಸ್ತೆ ನಿಂತಾಗಲೇ. 2002ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಅವರ ಸೋಮನಹಳ್ಳಿಯೂ ಇದೇ ಸೀಮೆಯದು. ತನ್ನ ಜನರ ಸಿಟ್ಟಿಗೆ ಮುಖ ಕೊಡಲು ಮುಖ್ಯಮಂತ್ರಿಯೊಬ್ಬರು ಕಾಲ್ನಡಿಗೆಯಲ್ಲಿ ಬರಬೇಕೆನ್ನಿಸುವಂಥ ರಸ್ತೆ ಅದು. ಹೊಸ ರಸ್ತೆ ನಡೆಯುವವರಿಗಲ್ಲ.

2023ರ ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟು ಕಾವೇರಿ ಮತ್ತೆ ಕಾವೇರಿದಾಗ ಮಂಡ್ಯ ಬಂದ್ ಆಯಿತು. ಸಂಜಯ ವೃತ್ತದಲ್ಲಿ ಜನ ಮೊದಲಿನಂತೆಯೇ ಸೇರಿದರು, ಮೊದಲಿನಂತೆಯೇ ಕೂಗಿದರು. ಆದರೆ ಅಲ್ಲಿ ಅಡ್ಡ ಮಲಗಿದರೆ ಈಗ ನಿಲ್ಲುವುದು ಯಾರು? ಊರಿನದೇ ಬೈಕು, ಕಾಲೇಜು ಹುಡುಗಿಯರ ಲೋಕಲ್ ಬಸ್ಸು, ಸೊಪ್ಪಿನ ಆಟೋ. ಎರಡು ನಗರಗಳ ಕಾರುಗಳು ಬೈಪಾಸಿನ ಮೇಲೆ ಕಿಟಕಿ ಏರಿಸಿಕೊಂಡು ಹೋಗುತ್ತವೆ. ಅಲ್ಲಿಗೇ ಹೋಗಿ ತಡೆಯೋಣವೆಂದರೆ ಬೇಲಿ. ಅದಕ್ಕಿಂತ ಚಂದದ್ದು ಇನ್ನೊಂದಿದೆ. ಅಪಘಾತಗಳು ಹೆಚ್ಚಾದವೆಂದು 2023ರ ಆಗಸ್ಟ್ 1ರಿಂದ ಆ ರಸ್ತೆಯ ಮೇಲೆ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನಗಾಡಿಗಳನ್ನು ನಿಷೇಧಿಸಿದರು. ಅಷ್ಟು ವೇಗದ ರಸ್ತೆಯಲ್ಲಿ ಅವು ಇರಬಾರದು, ಆ ಕಾರಣವನ್ನು ನಾನು ಒಪ್ಪುತ್ತೇನೆ. ಆದರೂ ಪಟ್ಟಿಯನ್ನು ಇನ್ನೊಮ್ಮೆ ಓದಿ: ರೈತ ಚಳವಳಿಗೆ ಬರುತ್ತಿದ್ದ ವಾಹನ ಒಂದೂ ಬಿಟ್ಟುಹೋಗಿಲ್ಲ. ಯಾರೂ ಅದಕ್ಕೆಂದು ಮಾಡಿದ್ದಲ್ಲ. ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡಲಾಗುತ್ತಿರಲಿಲ್ಲ.

ಈ ನಷ್ಟದ ಬಗ್ಗೆ ಮದುವೆ ಮನೆಯಲ್ಲಿ ಯಾರೂ ಅಳುವುದಿಲ್ಲ, ಅಳುವುದು ಹೇಗೆ? ಕಾವೇರಿ ಗಲಾಟೆಯಲ್ಲಿ ಚನ್ನಪಟ್ಟಣದ ಹತ್ತಿರ ನಾಲ್ಕು ಗಂಟೆ ಸಿಕ್ಕಿಕೊಂಡು ಶಪಿಸಿದವರೂ ಅವರೇ. ಊರಿನ ವಡೆ ಬೇಕು, ಊರಿನ ಸಿಟ್ಟು ಬೇಡ. ಹೊಸ ರಸ್ತೆ ಎರಡನ್ನೂ ಒಟ್ಟಿಗೆ ತಪ್ಪಿಸಿತು. ಬೇಕಾದದ್ದಕ್ಕೆ ದುಃಖ, ಬೇಡವಾದದ್ದಕ್ಕೆ ಮೌನ.

‘ಸತ್ತ ಊರು’ ಎಂಬ ಮಾತಿನಿಂದ ಇನ್ನೊಂದು ಕೇಡೂ ಆಗಿದೆ. ಸತ್ತದ್ದಕ್ಕೆ ಏನನ್ನೂ ಕೇಳುವಂತಿಲ್ಲ. ಬದುಕಿರುವ ಊರಿಗಾದರೆ ಕೇಳಬೇಕಾದದ್ದು ಬೇಕಾದಷ್ಟಿದೆ. ದಶಪಥ ಎಂಬ ಹೆಸರಿನ ಲೆಕ್ಕವನ್ನೇ ನೋಡಿ. ನಡುವಿನ ಆರು ಪಥ ವೇಗದ ವಾಹನಗಳಿಗೆ. ಅಕ್ಕಪಕ್ಕದ ಸರ್ವೀಸ್ ರಸ್ತೆಯ ಎರಡೆರಡನ್ನು ಸೇರಿಸಿದರೆ ಹತ್ತು. ಹೆಮ್ಮೆಪಡುವಾಗ ಹತ್ತನ್ನೂ ಎಣಿಸುತ್ತಾರೆ, ಡಾಂಬರು ಹಾಕುವಾಗ ಆರನ್ನು ಎಣಿಸುತ್ತಾರೆ. ಬೈಕಿನವನಿಗೆ ಉಳಿದ ಆ ನಾಲ್ಕು ಕೆಲವೆಡೆ ಸೇತುವೆ ಬಂದ ಕೂಡಲೇ ಮಾಯ. ಅವನು ಹಳೆಯ ಊರೊಳಗಿನ ದಾರಿ ಹುಡುಕಿಕೊಳ್ಳಬೇಕು. ಜೋರು ಮಳೆ ಬಂದರೆ ಕೆಳಸೇತುವೆಗಳಲ್ಲಿ ನೀರು. 2022ರ ಆಗಸ್ಟಿನಲ್ಲಿ ರಾಮನಗರದ ಹತ್ತಿರ ವಾಹನಗಳು ಮುಳುಗಿದ ಚಿತ್ರ ಎಲ್ಲರೂ ನೋಡಿದ್ದೇ. ತಡೆರಹಿತ ಬಸ್ಸುಗಳು ಮೇಲೆ ಹೋಗುತ್ತವೆ. ಊರಿಗೆ ಬರುವ ಬಸ್ಸಿಗೆ ಕಾಯುವುದು ಮೊದಲಿಗಿಂತ ಹೆಚ್ಚಾಗಿದೆ ಎಂದು ನಮ್ಮೂರ ನರ್ಸಿಂಗ್ ಓದುವ ಹುಡುಗಿ ಹೇಳುತ್ತಾಳೆ. ಟೋಲ್ ಕಟ್ಟುವ ಕಾರಿನವನಿಗೆ ದೂರು ಕೊಡಲು ಒಂದು ನಂಬರಿದೆ. ಟೋಲ್ ಇಲ್ಲದ ರಸ್ತೆಯ ಗುಂಡಿಗೆ ಯಾರು ಹೊಣೆ ಎಂದು ನಮ್ಮ ಕಡೆಯವರು ಕೇಳಿದರೆ ಒಂದು ಕಚೇರಿ ಇನ್ನೊಂದು ಕಚೇರಿಯ ಕಡೆ ಕೈ ತೋರಿಸುತ್ತದೆ. ರಾಜ್ಯ ಹೆದ್ದಾರಿ 17 ಎಂಬ ಹಳೆಯ ಸಂಖ್ಯೆ ಇದ್ದಾಗ ಕನಿಷ್ಠ ಯಾರನ್ನು ಬೈಯಬೇಕೆಂದು ಗೊತ್ತಿತ್ತು.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಎಕ್ಸಿಟ್ ಇಳಿದು ಸರ್ವೀಸ್ ರಸ್ತೆಗೆ ತಿರುಗಿದರೆ ಅರ್ಧ ಟಾರಿನ ಮೇಲೆ ಹುರುಳಿ ಹರಡಿತ್ತು. ಕಣ ಮಾಡುವವರು ಈಗ ಯಾರಿದ್ದಾರೆ, ವಾಹನದ ಚಕ್ರವೇ ರೋಣಗಲ್ಲು. ಪಕ್ಕಕ್ಕೆ ಸರಿಸಿ ಹೋಗೋಣವೆಂದು ಸ್ಟೇರಿಂಗ್ ತಿರುಗಿಸುತ್ತಿದ್ದಂತೆ ಬದಿಯಲ್ಲಿ ಮೊರ ಹಿಡಿದು ಕೂತಿದ್ದ ಹೆಂಗಸು ಎದ್ದು ನಿಂತು ಕೈ ಬೀಸಿದಳು. ‘ಸರ್ಕೊಂಡ್ ಓಗ್ಬೇಡಿ ಸಾ, ಮೇಲೇ ಅತ್ಸಿ! ಬೆಳಗಿಂದ ಆರೇ ಗಾಡಿ ಬಂದದ್ದು.’ ಹತ್ತಿಸಿದೆ. ಸಾಲದೆಂದು ಹಿಂದಕ್ಕೂ ಒಮ್ಮೆ ಓಡಿಸಲು ಹೇಳಿದಳು.